ಮರುಪ್ರದರ್ಶನದ ಕತ್ತಿ: ಗಟ್ಟಿತನ ಇರುವುದು ಹಿಡಿಯೊಳಗೆ

ಐತಿಹಾಸಿಕ ಕಾಳಗಗಳ ಮರುಪ್ರದರ್ಶನಕ್ಕೆ ಬೇಕಾದ ಕತ್ತಿ ಏನನ್ನೂ ಕತ್ತರಿಸಬೇಕಾಗಿಲ್ಲ. ಎದುರಾಳಿಯ ಕತ್ತಿಯ ಏಟುಗಳನ್ನು ವರ್ಷಗಟ್ಟಲೆ ತಾಳಿಕೊಂಡರೆ ಸಾಕು. ಮಧ್ಯಯುಗದ ಯುರೋಪಿನ ಒಂಟಿಗೈ ಕತ್ತಿಯ ಮಾದರಿಯಲ್ಲಿ ನನಗಾಗಿ ಒಂದನ್ನು ಮಾಡಿಕೊಂಡಾಗ ಈ ಅಗತ್ಯವನ್ನೇ ಮುಂದಿಟ್ಟುಕೊಂಡಿದ್ದೆ.

ಗೋಡೆಗೆ ತೂಗುಹಾಕುವ ಕತ್ತಿಗಳ ಸ್ಟೇನ್‌ಲೆಸ್ ಸ್ಟೀಲನ್ನು ಮೊದಲೇ ಕೈಬಿಟ್ಟೆ. ಚಾಕುವಿಗೆ ಅದು ಒಗ್ಗುತ್ತದೆ, ಆದರೆ ಉದ್ದನೆಯ ಅಲಗಿನಲ್ಲಿ ಏಟಿಗೆ ಮುರಿದು ತುಂಡು ಹಾರುವ ಅಪಾಯವಿದೆ. ನಾನು ಆರಿಸಿಕೊಂಡದ್ದು ವಾಹನಗಳ ಲೀಫ್ ಸ್ಪ್ರಿಂಗ್‌ಗಳಿಗೆ (ಪಟ್ಟಿಯಾಕಾರದ ಸ್ಪ್ರಿಂಗ್‌ಗಳಿಗೆ) ಬಳಸುವ 5160 ಎಂಬ ದರ್ಜೆಯ ಉಕ್ಕು. ಹಳೆಯ ಸ್ಪ್ರಿಂಗ್‌ಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದಾದ್ದರಿಂದ ಹೊಸ ಪಟ್ಟಿಯನ್ನೇ ಕೊಂಡೆ. ಅಲಗಿನ ದಪ್ಪ ಬುಡದಲ್ಲಿ 6 ಮಿ.ಮೀ., ತುದಿಯತ್ತ ಸುಮಾರು 3.5 ಮಿ.ಮೀ. ಆಗುವಂತೆ ಉಜ್ಜಿ ಇಳಿಸಿದೆ. ಅಂಚನ್ನು 2 ಮಿ.ಮೀ. ದಪ್ಪಕ್ಕೆ ಬಿಟ್ಟು ದುಂಡಗೆ ಮಾಡಿ, ಮೊನೆಯನ್ನೂ ಮೊಂಡಾಗಿಸಿದೆ.

ಕತ್ತಿ ಮುರಿಯುವುದು ಸಾಮಾನ್ಯವಾಗಿ ಅಲಗಿನ ನಡುವೆ ಅಲ್ಲ, ಅಲಗು ಕಿರಿದಾಗಿ ಹಿಡಿಯೊಳಗೆ ಹೋಗುವ ಜಾಗದಲ್ಲಿ. ಅಗ್ಗದ ಕತ್ತಿಗಳಲ್ಲಿ ಅಲ್ಲಿಗೆ ಸಣ್ಣ ಸರಳೊಂದನ್ನು ಬೆಸುಗೆ ಹಾಕಿರುತ್ತಾರೆ. ಮುರಿದಾಗ ಹಿಡಿ ಮಾತ್ರ ಕೈಯಲ್ಲಿ ಉಳಿದು ಅಲಗು ಯಾರ ಮೇಲಾದರೂ ಹಾರಬಹುದು. ನನ್ನ ಕತ್ತಿಯಲ್ಲಿ ಟ್ಯಾಂಗ್, ಅಂದರೆ ಹಿಡಿಯೊಳಗೆ ಹೋಗುವ ಭಾಗ, ಅದೇ ಪಟ್ಟಿಯ ಮುಂದುವರಿದ ಭಾಗ, ಆದಷ್ಟೂ ಅಗಲ. ಅದು ಅಲಗನ್ನು ಸೇರುವ ಎರಡೂ ಮೂಲೆಗಳನ್ನು ಚೌಕವಾಗಿ ಕತ್ತರಿಸದೆ ದುಂಡರದಿಂದ ಬಾಗಿಸಿ, ಅಡ್ಡಡ್ಡವಾಗಿ ಉಳಿದ ಅರದ ಗೀರುಗಳನ್ನು ಮರಳುಕಾಗದದಿಂದ ಉದ್ದುದ್ದಕ್ಕೆ ತೀಡಿ ಅಳಿಸಿದೆ, ಏಕೆಂದರೆ ಬಿರುಕು ಹುಟ್ಟಲು ಅಂಥ ಒಂದು ಗೀರು ಸಾಕು. ಹೊರಗೆ ಕಾಣದ ಈ ಕೆಲಸಕ್ಕೆ ಹೊಳಪು ಕೊಡುವುದಕ್ಕಿಂತ ಹೆಚ್ಚು ಸಮಯ ಹಿಡಿಯಿತು, ಅದು ಹಾಗೆಯೇ ಇರಬೇಕು.

ಹದ ಹಾಕಲು ಅಲಗಿನ ಪೂರ್ತಿ ಉದ್ದ ಹಿಡಿಸುವ ಕುಲುಮೆ ಬೇಕು. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಗೇ ನಿಲ್ಲಿಸದೆ 830ರ ಆಸುಪಾಸಿಗೆ ಏರಿಸಿ, ಬೆಚ್ಚಗಿನ ಎಣ್ಣೆಯಲ್ಲಿ ನೆಟ್ಟಗೆ ಅದ್ದಿದೆ. ಓರೆಯಾಗಿ ಅದ್ದಿದರೆ ಅಲಗು ಸೊಟ್ಟಗಾಗುತ್ತದೆ. ಆಗ ಅರ ಕಚ್ಚದೆ ಜಾರಿದ್ದರಿಂದ ಉಕ್ಕು ಗಡುಸಾಗಿದೆಯೆಂದು ತಿಳಿಯಿತು, ಆದರೆ ಆ ಸ್ಥಿತಿಯಲ್ಲಿ ಅದು ಗಾಜಿನಂತೆ ಒಡೆಯಬಲ್ಲದು. ತಡಮಾಡದೆ ಸುಮಾರು 400 ಡಿಗ್ರಿಯಲ್ಲಿ ಮತ್ತೆ ಕಾಯಿಸಿ ಬಿಗುವನ್ನು ಇಳಿಸಿದೆ. ಚಾಕುವಿಗೆ ಇಷ್ಟು ಮೆದು ಮಾಡುವುದಿಲ್ಲ. ಇಲ್ಲಿ ಅಂಚು ನಗ್ಗಿದರೂ ಚಿಂತೆಯಿಲ್ಲ, ಸಿಡಿಯಬಾರದು ಅಷ್ಟೆ. ತುದಿಯನ್ನು ಮರಕ್ಕೆ ಊರಿ ಬಾಗಿಸಿದಾಗ ಅಲಗು ತಾನಾಗಿ ನೇರಕ್ಕೆ ಮರಳಿತು.

ಅಲಗಿಗೂ ಹಿಡಿಗೂ ನಡುವೆ ಕೈಯನ್ನು ಕಾಯುವ ಅಡ್ಡಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುವಷ್ಟು ಬಿಗಿಯಾಗಿ ಹೊಂದಿಸಿದೆ. ಮರದ ಹಿಡಿಗೆ ದಾರ ಸುತ್ತಿ ತೊಗಲು ಹೊದಿಸಿದ ಮೇಲೆ, ಟ್ಯಾಂಗ್‌ನ ತುದಿಯನ್ನು ಹಿಡಿಯ ಹಿಂತುದಿಯಲ್ಲಿ ಭಾರಕ್ಕಾಗಿ ಇರುವ ಲೋಹದ ಗುಂಡಿನ ಆಚೆಗೆ ರಿವೆಟ್‌ನಂತೆ ಬಡಿದು ಅಗಲಿಸಿದೆ. ನಟ್ಟಾಗಿದ್ದರೆ ಏಟುಗಳ ಅದುರಿಗೆ ಸಡಿಲಗೊಳ್ಳುತ್ತಿತ್ತು. ಗುಂಡಿನ ತೂಕವನ್ನು ಸವೆಸುತ್ತಾ ಹೋಗಿ, ಸಮತೋಲದ ಬಿಂದುವನ್ನು ಅಡ್ಡಪಟ್ಟಿಯಿಂದ ಸುಮಾರು 10 ಸೆಂ.ಮೀ. ಮುಂದಕ್ಕೆ ತಂದೆ. ಈಗ ಪ್ರತಿ ಅಭ್ಯಾಸದ ನಂತರ ಅಂಚಿನ ನಗ್ಗುಗಳನ್ನು ಅರದಿಂದ ಸಮಮಾಡಿ, ಎಣ್ಣೆ ಸವರಿ, ಅಡ್ಡಪಟ್ಟಿ ಅಲುಗಾಡುತ್ತಿದೆಯೇ ಎಂದು ನೋಡಿಯೇ ಎತ್ತಿಡುತ್ತೇನೆ.