ಲೋಗೋ ತೋರಿಸಿ ನಿಂತುಬಿಡುತ್ತಿದ್ದ ಡೆಬಿಯನ್ ಸರಿಮಾಡಿದ್ದು

ತೀರ್ಥಹಳ್ಳಿಯ ಭಾವನ ಹಳೇ ಕಂಪ್ಯೂಟರಿನಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಪಕ್ಕ ಇನ್ನೊಂದು ಲಿನಕ್ಸ್ ಹಾಕಿದ ಮೇಲೆ, ಡೆಬಿಯನ್ ಬೂಟ್ ಆಗುವಾಗ ಲೋಗೋ ತೋರಿಸಿ ಸುಮ್ಮನಾಗುತ್ತಿತ್ತು. ಭಾವ ಕಾಯುವವರಲ್ಲ, ಪವರ್ ಬಟನ್ ಒತ್ತಿಬಿಡೋರು. (ಮಳೆಗಾಲದಲ್ಲಿ ಆ ಕೆಲಸ ಕರೆಂಟೇ ಮಾಡುತ್ತೆ.)

ಎಸ್ಕೇಪ್ ಕೀಲಿ ಒತ್ತಿದೆ. ಲೋಗೋ ಸರಿದು ಅಸಲು ಸಾಲು ಕಂಡಿತು: ಯಾವುದೋ ಡಿಸ್ಕಿಗಾಗಿ 90 ಸೆಕೆಂಡು ಕಾಯುತ್ತಿದೆ. ಬೂಟ್ ಆಗುವಾಗ ಎಲ್ಲವನ್ನೂ ಶುರುಮಾಡುವ ಸಿಸ್ಟಮ್‌ಡಿಯ ಮಾಮೂಲಿ ಗಡುವು ಅದು. ಹೊಸ ಇನ್‌ಸ್ಟಾಲರ್ ಸ್ವಾಪ್ ಪಾರ್ಟಿಷನ್ನನ್ನು (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಭಾಗ) ಮತ್ತೆ ಫಾರ್ಮ್ಯಾಟ್ ಮಾಡಿದ್ದರಿಂದ ಅದರ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಬದಲಾಗಿತ್ತು. ಬೂಟ್ ಆಗುವಾಗ ಯಾವ ಡಿಸ್ಕ್ ಬೇಕೆಂದು ಪಟ್ಟಿಮಾಡುವ ಡೆಬಿಯನ್‌ನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯದೇ ಇತ್ತು.

ಬಿಎಲ್‌ಕೆಐಡಿ ಆಜ್ಞೆ ತೋರಿಸಿದ ಹೊಸ ಯುಯುಐಡಿಯನ್ನು ಎಫ್‌ಎಸ್‌ಟ್ಯಾಬ್‌ಗೂ, ಇನಿಟ್‌ರಾಮ್‌ಎಫ್‌ಎಸ್‌ನ (ಬೂಟ್‌ನ ಮೊದಲ ಹಂತದಲ್ಲಿ ಲೋಡ್ ಆಗುವ ಪುಟ್ಟ ವ್ಯವಸ್ಥೆ) ರೆಸ್ಯೂಮ್ ಫೈಲಿಗೂ (ಹೈಬರ್ನೇಟ್ ಆದಮೇಲೆ ಯಾವ ಸ್ವಾಪಿನಿಂದ ಏಳಬೇಕೆಂದು ಹೇಳುವುದು) ಬರೆದು, ಅದು ಜಾರಿಗೆ ಬರಲು ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಆಜ್ಞೆ ಓಡಿಸಿದೆ. ಆ ರೆಸ್ಯೂಮ್ ಫೈಲನ್ನು ಎಷ್ಟೋ ಜನ ಮರೆಯುತ್ತಾರೆ. ಆಗ ಕಾಯುವುದು ಪೂರ್ತಿ ತಪ್ಪುವುದಿಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿದ್ದ ಭಾವನ ಯುಎಸ್‌ಬಿ ಡಿಸ್ಕಿನ ಸಾಲಿಗೆ ನೋಫೇಲ್ ಎಂಬ ಆಯ್ಕೆ ಸೇರಿಸಿದೆ. ಡಿಸ್ಕ್ ಚುಚ್ಚದಿದ್ದರೂ ಬೂಟ್ ನಿಲ್ಲುವುದಿಲ್ಲ.