ಮಗಳ ಮೈಮೇಲಿನ ದದ್ದು ಮತ್ತು ಹತ್ತು ರೂಪಾಯಿಯ ಪೆನ್ನು

ಮಗಳಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಶುರುವಾದ ದದ್ದು ಸುಮಾರು ಎಂಟು ತಿಂಗಳು ನಮ್ಮನ್ನು ಕುಣಿಸಿತು. ಈಗ ನಿಂತಿದೆ. ಅವಳ ಮೈಮೇಲೆ ನಾನು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದುದನ್ನು ನೋಡಿ ನಕ್ಕವರೇ ಈಗ ಫೋನ್ ಮಾಡಿ, "ಅದು ಹೇಗೆ ಮಾಡಿದೆ, ಸ್ವಲ್ಪ ಬರೆದು ಕಳಿಸು" ಅಂತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ತುರಿಕೆಗೆ ಕುಡಿಸುವ ಸೆಟ್ರಿಜಿನ್ ಸಿರಪ್, ಮೈಗೆ ಹಚ್ಚುವ ಕ್ಯಾಲಮೈನ್, ಫೋಟೊ ತೆಗೆದಿಡೋದು ಇವೆಲ್ಲ ನಿಮಗೆ ಗೊತ್ತೇ ಇರುತ್ತೆ. ಅದನ್ನು ಮತ್ತೆ ವಿವರಿಸಲ್ಲ.

ಒಂದು ಮಾತು ಮೊದಲೇ. ತುಟಿ, ನಾಲಿಗೆ ಊದಿದರೆ, ಉಸಿರಾಡಲು ಕಷ್ಟವಾದರೆ, ದದ್ದಿನ ಜೊತೆ ಪದೇ ಪದೇ ವಾಂತಿಯೋ ಮಂಪರೋ ಬಂದರೆ ಪೆನ್ನು ಗಿನ್ನು ಬಿಟ್ಟು ಆಸ್ಪತ್ರೆಗೆ ಓಡಿ. ನಮ್ಮ ಮಗುವಿಗೆ ಅದು ಒಮ್ಮೆಯೂ ಆಗಲಿಲ್ಲ. ನಾನು ಕೂತು ಲೆಕ್ಕ ಬರೆಯೋಕೆ ಆಗಿದ್ದು ಅದರಿಂದಲೇ.

ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳಿಬಿಡ್ತೀನಿ. ಮೊದಲ ಮಕ್ಕಳ ಡಾಕ್ಟರು ನೋಡಿ, "ವೈರಸ್ ಜ್ವರದ ಜೊತೆ ಬರುತ್ತೆ, ಕೆಲವು ವಾರದಲ್ಲಿ ಹೋಗುತ್ತೆ" ಅಂದರು. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು, ಅದು ಗೊತ್ತಾಗಿದ್ದು ಬಹಳ ಆಮೇಲೆ. ಆರು ವಾರ ದಾಟಿದರೂ ಹೋಗಲಿಲ್ಲ ಅಂತ ಚರ್ಮದ ಡಾಕ್ಟರ ಹತ್ತಿರ ಹೋದೆವು. ಪ್ರತಿ ಸಲ ಏಳೆಂಟು ನೂರು. ನಡುವೆ ಯಾರೋ ಹೇಳಿದರು ಅಂತ ಒಂದು ಲ್ಯಾಬಿನಲ್ಲಿ ನಾವೇ ರಕ್ತದ ಅಲರ್ಜಿ ಟೆಸ್ಟ್ ಮಾಡಿಸಿದೆವು. ಏಳೂವರೆ ಸಾವಿರವೋ ಎಂಟೋ ಆಯಿತು. ರಿಪೋರ್ಟ್ ಹತ್ತಾರು ಪುಟ. ಮೊಟ್ಟೆ, ಗೋಧಿ, ಕಡಲೆಕಾಯಿ, ಹಾಲು ಎಲ್ಲದರ ಮುಂದೆಯೂ ಹಳದಿ, ಕೆಂಪು ಗುರುತು. ಇವನ್ನೆಲ್ಲ ಅವಳು ಒಂದು ವರ್ಷದಿಂದ ಆರಾಮವಾಗಿ ತಿನ್ನುತ್ತಿದ್ದಳು ಅಲ್ವಾ? ಆದರೂ ಕೆಂಪು ಗುರುತು ಕಂಡ ಮೇಲೆ ಯಾವ ಅಮ್ಮನ ಕೈ ಮೊಟ್ಟೆ ಒಡೆಯುತ್ತೆ ಹೇಳಿ. ಎಲ್ಲ ನಿಲ್ಲಿಸಿದೆವು. ಎರಡು ತಿಂಗಳು ಗಂಜಿ, ಅನ್ನ, ಹೆಸರುಬೇಳೆ. ತೂಕ ಒಂದು ಕೇಜಿ ಹತ್ತಿರ ಇಳಿಯಿತು. ದದ್ದು ಮಾತ್ರ ಹಾಗೇ ಇತ್ತು. ಆಮೇಲೆ ಸಿಕ್ಕ ಅಲರ್ಜಿ ಡಾಕ್ಟರು ಆ ರಿಪೋರ್ಟನ್ನು ಪಕ್ಕಕ್ಕೆ ಸರಿಸಿ ಒಂದೇ ಪ್ರಶ್ನೆ ಕೇಳಿದರು: "ತಿಂದ ಎರಡು ಗಂಟೆಯೊಳಗೆ ಯಾವತ್ತಾದರೂ ಎದ್ದಿದೆಯಾ?" ಇಲ್ಲ. "ಹಾಗಾದರೆ ಊಟ ಕೊಡಿ" ಅಂದರು. ರಕ್ತದಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಆ ಪದಾರ್ಥದಿಂದ ತೊಂದರೆ ಆಗುತ್ತಿದೆ ಅಂತ ಅಲ್ಲವಂತೆ.

ಇಷ್ಟೇ ಅಲ್ಲ. ಬೋರ್‌ವೆಲ್ ಗಡಸು ನೀರು ಅಂತ ನಲ್ಲಿಗೆ ಫಿಲ್ಟರ್, ಎರಡೂವರೆ ಸಾವಿರ. ಹಾಸಿಗೆಯಲ್ಲಿ ತಿಗಣೆ ಇರಬಹುದು ಅಂತ ಪೆಸ್ಟ್ ಕಂಟ್ರೋಲ್, ಅದೂ ಹೆಚ್ಚುಕಮ್ಮಿ ಅಷ್ಟೇ. ಅವರು ಮಂಚದ ಸಂದಿಗಷ್ಟೇ ಹೊಡೆದು ಹೋದರು. ಕೊನೆಗೆ ಹಾಸಿಗೆಯನ್ನೇ ಬದಲಾಯಿಸಿದೆವು, ಒಂಬತ್ತು ಸಾವಿರ. ಬಟ್ಟೆ ಸೋಪಿನ ಪುಡಿ ಬಿಟ್ಟು ಅಂಟುವಾಳಕಾಯಿಯಲ್ಲಿ ಒಗೆದೆ. ಕೈ ಒರಟಾಯಿತು, ಬಟ್ಟೆ ಮಾಸಲಾಯಿತು. ಒಟ್ಟು ನಲವತ್ತು ಸಾವಿರದ ಆಸುಪಾಸು ಹೀಗೇ ಹೋಯಿತು.

ಮನೆಮದ್ದೂ ಬಿಡಲಿಲ್ಲ. ನಮ್ಮ ಅತ್ತೆ ಪುತ್ತೂರಿನವರು. ಪಿತ್ತದ ಗಂಧೆ ಅಂದ ತಕ್ಷಣ ಒಣಗಿಸಿದ ಪುನರ್ಪುಳಿ (ಕೋಕಂ) ಸಿಪ್ಪೆ ಒಂದು ಡಬ್ಬ ಕಳಿಸಿದರು. ನೆನೆಸಿದ ನೀರನ್ನು ಕುಡಿಸಿದೆ, ಮೈಗೂ ಹಚ್ಚಿದೆ. ಶರಬತ್ತು ಮಗಳಿಗೆ ಬಹಳ ಇಷ್ಟವಾಯಿತು, ಈಗಲೂ ಕುಡಿಯುತ್ತಾಳೆ. ಹಚ್ಚಿದಾಗ ತಣ್ಣಗೆ ಅನಿಸುತ್ತಿತ್ತೋ ಏನೋ, ಕೆರೆಯೋದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ನಮ್ಮ ಅಮ್ಮ ಕಂಬಳಿಯಲ್ಲಿ ಉಜ್ಜು ಅಂದರು. ಅದಂತೂ ಮಾಡಬೇಡಿ. ಒರಟು ಬಟ್ಟೆ ಉಜ್ಜಿದ ಕಡೆಯೆಲ್ಲ ಇನ್ನಷ್ಟು ಎದ್ದು, ರಾತ್ರಿಯಿಡೀ ಅತ್ತಳು. ಮೆಡಿಕಲ್ ಶಾಪಿನವನು ಕೊಟ್ಟ ಹಳೇ ಕಾಲದ ಶೀತದ ಸಿರಪ್ಪಿನಲ್ಲಿ ಪ್ಲೇ ಸ್ಕೂಲಿನಲ್ಲಿ ಕೂತಲ್ಲೇ ನಿದ್ದೆ ಹೋದಳು. ಡಾಕ್ಟರು ತೂಕ ನೋಡಿ ಬರೆದದ್ದನ್ನು ಬಿಟ್ಟು ಬೇರೆ ಯಾವುದನ್ನೂ ಆಮೇಲೆ ಮುಟ್ಟಲಿಲ್ಲ.

ಈಗ ಪೆನ್ನಿನ ವಿಷಯ. ಆ ಅಲರ್ಜಿ ಡಾಕ್ಟರು ಮಾತಿನ ನಡುವೆ ಹೇಳಿದ್ದು: ನಿಜವಾದ ಗಂಧೆಯ ಒಂದೊಂದು ದದ್ದೂ 24 ಗಂಟೆಯೊಳಗೆ ಆ ಜಾಗದಿಂದ ಮಾಯವಾಗುತ್ತೆ. ಇಲ್ಲಿ ಹೋಗಿ ಅಲ್ಲಿ ಏಳುತ್ತೆ, ಹಾಗಾಗಿ ನಮಗೆ ದಿನವಿಡೀ ಇದ್ದ ಹಾಗೆ ಕಾಣುತ್ತೆ. ನಾನು ಮನೆಗೆ ಬಂದವಳೇ ಕಾಣಿಸಿದ ಪ್ರತಿ ದದ್ದಿಗೂ ಅಂಚಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯೋಕೆ ಶುರು ಮಾಡಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮರುದಿನ ಅದೇ ಹೊತ್ತಿಗೆ ಸುತ್ತು ಖಾಲಿಯೋ ತುಂಬಿದೆಯೋ ಅಂತ ನೋಟ್‌ಬುಕ್ಕಿನಲ್ಲಿ ಗುರುತು. ಡಾಕ್ಟರು ಹೇಳಿಕೊಟ್ಟ ಹಾಗೆ ಅಂಕವನ್ನೂ ಬರೆಯುತ್ತಿದ್ದೆ: ದಿನಕ್ಕೆ ದದ್ದಿಗೆ 0ಯಿಂದ 3, ತುರಿಕೆಗೆ 0ಯಿಂದ 3, ವಾರಕ್ಕೆ ಜಾಸ್ತಿ ಅಂದರೆ 42. ನಮ್ಮದು ಕೆಟ್ಟ ವಾರದಲ್ಲಿ ಇಪ್ಪತ್ತೈದು ಮೂವತ್ತು ಮುಟ್ಟುತ್ತಿತ್ತು.

ಪೆನ್ನು ಯಾವುದು ಅನ್ನೋದೇ ಒಂದು ಕಥೆ. ಬಾಲ್ ಪೆನ್ ಬೆವರಿಗೆ ಬರೆಯಲ್ಲ. ಕಾಡಿಗೆ ಕಲಸಿಹೋಗುತ್ತೆ. ಮೆಹೆಂದಿ ಕೋನ್ ಅಂದರು ಪಕ್ಕದ ಮನೆಯವರು. ಅಂಗಡಿಯ ಕಪ್ಪು ಮೆಹೆಂದಿಯಿಂದಲೇ ಅಲರ್ಜಿ ಆಗುತ್ತೆ, ಬೇಡ ಅಂದೆ. ಮೈಸೂರಿನಲ್ಲಿ ಮಾಡುವ ವೋಟಿನ ಶಾಯಿ ತರಿಸೋಣವಾ ಅಂತ ನಮ್ಮ ಮನೆಯವರು ತಮಾಷೆ ಮಾಡಿದರು. ಕೊನೆಗೆ ಮಕ್ಕಳು ಬಣ್ಣ ಹಚ್ಚುವ ಹತ್ತು ರೂಪಾಯಿಯ ಸ್ಕೆಚ್ ಪೆನ್ನೇ ಸರಿಹೋಯಿತು. ಸ್ನಾನಕ್ಕೆ ಮಸುಕಾದರೆ ಮೇಲೊಂದು ಗೆರೆ. ಮಗು ಸುತ್ತನ್ನು ಉಜ್ಜಿ ಅಳಿಸದ ಹಾಗೆ ಅವಳನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ನಿಮ್ಮ ಮಗುವನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು!

ಡಾಕ್ಟರ ಹತ್ತಿರ ಹೋದಾಗ ಅಲ್ಲಿದ್ದ ಕಿರಿಯ ಡಾಕ್ಟರು, "ಇದೇನು, ಮಗುವಿನ ಮೇಲೆ ಭೂಪಟ ಬಿಡಿಸಿದ್ದೀರಿ" ಅಂತ ನಕ್ಕರು. ದೊಡ್ಡವರು ನಗಲಿಲ್ಲ, ನೋಟ್‌ಬುಕ್ ಕೇಳಿ ಪಡೆದರು. ಮೂರು ವಾರದ ಲೆಕ್ಕದಲ್ಲಿ ಎರಡು ಗುಂಪು ಬೇರೆ ಬೇರೆಯಾಗಿ ನಿಂತಿದ್ದವು. ಮೂರರಲ್ಲಿ ಒಂದು ಭಾಗದಷ್ಟು ಸುತ್ತುಗಳು ಮರುದಿನ ಖಾಲಿ. ಇವು ಶೀತ, ಜ್ವರ ಬಂದ ದಿನಗಳ ಸುತ್ತಮುತ್ತಲೇ ಬಂದಿದ್ದವು. ಅದೇ ಮೊದಲ ಡಾಕ್ಟರು ಹೇಳಿದ ವೈರಸ್ ಗಂಧೆ. ಉಳಿದವು ನಾಲ್ಕೈದು ದಿನವಾದರೂ ಹೋಗದ ಸಣ್ಣ ಗಟ್ಟಿ ಗುಳ್ಳೆಗಳು, ನಡುವೆ ಒಂದು ಚುಕ್ಕೆ. ಸಿರಪ್ ಕೊಟ್ಟರೆ ತುರಿಕೆ ಕಡಿಮೆ, ಗುಳ್ಳೆ ಹಾಗೇ. "ಮಗುವನ್ನು ಏನೋ ಕಚ್ಚುತ್ತಿದೆ" ಅಂದರು. ಮನೆಯಲ್ಲಿ ಯಾರೂ ನಂಬಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುವ ನಮ್ಮ ಮನೆಯವರ ಮೈಯಲ್ಲಿ ಒಂದು ಗುಳ್ಳೆ ಇಲ್ಲ. ನನಗೆ ಸೊಂಟದ ಹತ್ತಿರ ಎರಡೋ ಮೂರೋ. ಚಿಕ್ಕ ಮಕ್ಕಳ ಚರ್ಮ ಕಡಿತಕ್ಕೆ ಜಾಸ್ತಿ ಕೆರಳುತ್ತೆ, ದೊಡ್ಡವರಿಗೆ ಅಭ್ಯಾಸವಾಗಿರುತ್ತೆ, ಹೊಸದು ಕಚ್ಚಿದರೆ ಹಳೇ ಗುಳ್ಳೆಗಳೂ ಮತ್ತೆ ಏಳುತ್ತವೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಮತ್ತೊಂದನ್ನೂ ಹೇಳಿದರು: 24 ಗಂಟೆ ದಾಟಿದ ದದ್ದು ನೋಯುತ್ತಿದ್ದರೆ, ಮೂಗೇಟಿನ ಥರ ಕಲೆ ಬಿಟ್ಟರೆ ಅದು ಬೇರೆಯೇ ಕಾಯಿಲೆ ಇರಬಹುದು, ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಇದರ ಜೊತೆ ಸುಮ್ನೆ ಕುತೂಹಲಕ್ಕೆ ಕೆಲವು ಪ್ರಯೋಗ ನಡೆದವು. ಚಮಚದ ಹಿಡಿಯಿಂದ ಬೆನ್ನ ಮೇಲೆ ಮೆಲ್ಲಗೆ ಗೆರೆ ಎಳೆದೆ. ಕೆಲವು ಮಕ್ಕಳಿಗೆ ಗೆರೆಯೇ ಉಬ್ಬಿ ನಿಲ್ಲುತ್ತೆ. ಇವಳಿಗೆ ಸ್ವಲ್ಪ ಕೆಂಪಾಗಿ ಹೋಯಿತು. ತಣ್ಣೀರಿಗೆ ಬರುತ್ತಾ ಅಂತ ಡಾಕ್ಟರೇ ಅವರೆದುರಿಗೆ ಐಸ್ ತುಂಡನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಐದು ನಿಮಿಷ ಮೊಣಕೈ ಹತ್ತಿರ ಇಟ್ಟರು. ಏನೂ ಏಳಲಿಲ್ಲ. ಇದನ್ನು ಮನೆಯಲ್ಲಿ ಮಾಡಬೇಡಿ, ತಣ್ಣೀರಿಗೇ ಗಂಧೆ ಏಳುವ ಮಕ್ಕಳಿಗೆ ಅಪಾಯ. ಒಂದು ಉಪಯೋಗಕ್ಕೆ ಬಂದದ್ದು ಜ್ವರದ ಸಿರಪ್ ನೋಡಿದ್ದು. ಐಬುಪ್ರೊಫೇನ್ ಸೇರಿದ ಸಿರಪ್ ಕೊಟ್ಟ ದಿನಗಳಲ್ಲಿ ಅಂಕ ಏರಿತ್ತು. ಡಾಕ್ಟರಿಗೆ ತೋರಿಸಿದೆ. ಅದು ಗಂಧೆಯನ್ನು ಕೆರಳಿಸಬಹುದು ಅಂತ ಬರೀ ಪ್ಯಾರಸಿಟಮಾಲ್‌ಗೆ ಬದಲಾಯಿಸಿದರು.

ಕಚ್ಚುವುದು ಯಾವುದು ಅಂತ ಹುಡುಕೋದಕ್ಕೆ ನೋಟ್‌ಬುಕ್ಕೇ ದಾರಿ ತೋರಿಸಿತು. ದಸರಾ ರಜೆಯಲ್ಲಿ ಪುತ್ತೂರಿನಲ್ಲಿ ಹತ್ತು ದಿನದ ಮೇಲೆ ಇದ್ದೆವು. ಮೊಟ್ಟೆ, ಹಾಲು, ಕಡಲೆಕಾಯಿ ಎಲ್ಲ ತಿಂದಳು, ಎರಡು ದಿನ ಆದಮೇಲೆ ಹೊಸ ಸುತ್ತೇ ಇಲ್ಲ. "ಬೆಂಗಳೂರಿನ ನೀರೇ ಸರಿ ಇಲ್ಲ" ಅಂತ ಎಲ್ಲರೂ ತೀರ್ಮಾನ ಮಾಡಿದರು. ನಾನು ಬೇರೆ ಲೆಕ್ಕ ಹಾಕಿದೆ. ಊರಿನಿಂದ ಬಂದು ಹಾಲ್‌ನಲ್ಲಿ ಮಲಗಿಸಿದ ರಾತ್ರಿಗಳಲ್ಲಿ ಒಂದೆರಡು, ಕೋಣೆಯ ಕಿಟಕಿ ಪಕ್ಕ ಮಲಗಿದ ರಾತ್ರಿಗಳಲ್ಲಿ ಆರೇಳು. ನೀರು ಎರಡೂ ಕಡೆ ಅದೇ ತಾನೇ.

ಕಿಟಕಿಯ ಚೌಕಟ್ಟಿಗೆ, ಮಂಚದ ಕಾಲಿಗೆ ಎರಡೂ ಕಡೆ ಅಂಟುವ ಟೇಪ್ ಸುತ್ತಿದೆ. ರಾತ್ರಿ ಎರಡು ಗಂಟೆಗೆ ಎದ್ದು ಬಿಳಿ ಹಾಸಿನ ಮೇಲೆ ಟಾರ್ಚ್ ಬಿಟ್ಟೆ. ಮೂರನೇ ದಿನವೋ ನಾಲ್ಕನೇ ದಿನವೋ ಟೇಪಿನ ಮೇಲೆ ಮೆಣಸಿನ ಪುಡಿ ಉದುರಿದ ಹಾಗೆ ಚುಕ್ಕೆಗಳು. ಒಂದು ಮಿಲಿಮೀಟರ್ ಕೂಡ ಇಲ್ಲ. ಕೆಲವು ಕೆಂಪಗಿದ್ದವು. ಭೂತಗನ್ನಡಿ ಇಟ್ಟರೆ ಕಾಲು ಆಡಿಸುತ್ತಿವೆ! ವಿಡಿಯೊ ಮಾಡಿ ಅತ್ತೆಗೆ ಕಳಿಸಿದೆ. ಅವರು ನೋಡಿದವರೇ, "ಇದು ಕೋಳಿ ಹೇನಿನ ಹಾಗೇ ಉಂಟಲ್ಲ ಮಾರಾಯ್ತಿ, ಕೋಳಿಗೂಡಿಗೆ ಕೈ ಹಾಕಿದರೆ ಮೈಯೆಲ್ಲ ಹತ್ತುತ್ತದೆ. ನಿಮ್ಮಲ್ಲಿ ಕೋಳಿ ಎಲ್ಲಿ?" ಅಂದರು.

ಕೋಳಿ ಇರಲಿಲ್ಲ. ಕಿಟಕಿಯ ಹೊರಗೆ ಸಜ್ಜದ ಮೇಲೆ ಎಸಿ ಯೂನಿಟ್ಟಿನ ಹಿಂದೆ ಪಾರಿವಾಳದ ಗೂಡಿತ್ತು. ಒಂದರ ಮೇಲೊಂದು, ಹಳೇದು ಹೊಸದು ಸೇರಿ. ಹಕ್ಕಿಯ ರಕ್ತ ಕುಡಿದು ಬದುಕುವ ಈ ಹುಳುಗಳು ಮರಿ ಹಾರಿಹೋಗಿ ಗೂಡು ಖಾಲಿಯಾದಾಗ ಹೆಚ್ಚಾಗಿ ಒಳಗೆ ನುಗ್ಗುತ್ತವೆ. ಮನುಷ್ಯರ ಮೈಮೇಲೆ ನೆಲೆಸಲ್ಲ, ಆದರೆ ಕಚ್ಚುತ್ತವೆ. ಹಕ್ಕಿ ಇಲ್ಲದೆಯೂ ವಾರಗಟ್ಟಲೆ ತಡೆಯುತ್ತವೆ. ಹಾಸಿಗೆ ಬದಲಾಯಿಸಿದ ಆ ಒಂಬತ್ತು ಸಾವಿರ ನೆನಪಾಗಿ ಹೊಟ್ಟೆ ಉರಿಯಿತು.

ಆಗ ಗೂಡಿನಲ್ಲಿ ಎರಡು ಮರಿ ಇದ್ದವು. ಅವು ಹಾರುವವರೆಗೆ ಸುಮಾರು ಮೂರು ವಾರ ಕಿಟಕಿ ಮುಚ್ಚಿ, ಸಂದಿಗೆ ಟೇಪ್ ಹೊಡೆದು, ಹಾಲ್‌ನಲ್ಲೇ ಮಲಗಿದೆವು. ಆಮೇಲೆ ಮಗುವನ್ನು ಅಮ್ಮನ ಮನೆಗೆ ಕಳಿಸಿ, ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ ಸಜ್ಜಕ್ಕೆ, ಯೂನಿಟ್ಟಿನ ಹಿಂದಕ್ಕೆ, ಪೈಪಿನ ತೂತಿಗೆ ಹೊಡೆಸಿದೆ. ಗೂಡು ತೆಗೆಯುವಾಗ ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿಸಿ. ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಮಾಸ್ಕ್, ಗ್ಲೌಸ್ ಬೇಕೇ ಬೇಕು. ಹಾಸು ಹೊದಿಕೆ ಎಲ್ಲ ಬಿಸಿನೀರಿನಲ್ಲಿ. ಪೈಪಿನ ತೂತಿಗೆ ಸಿಮೆಂಟು, ಹೊರಗೆ ನೆಟ್. ಎಲ್ಲ ಸೇರಿ ಆರೂವರೆ ಸಾವಿರ. ನೆಟ್ ಜೊತೆಗೆ ಪಾರಿವಾಳ ಆ ಸಜ್ಜದ ಕಡೆಗೇ ಸುಳಿಯದ ಹಾಗೆ ಇನ್ನೊಂದು ಉಪಾಯ ಮಾಡಿದ್ದೇನೆ. ಅದನ್ನು ಹೇಳಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಮಾಡಿದರೆ ಅವು ಮತ್ತೆ ನಮ್ಮ ಕಿಟಕಿಗೇ ಬರುತ್ತವೆ.

ಹತ್ತು ಹನ್ನೆರಡು ದಿನದಲ್ಲಿ ಹೊಸ ಸುತ್ತು ಹಾಕುವ ಕೆಲಸವೇ ಇಲ್ಲವಾಯಿತು. ಆಮೇಲೆ ಐದು ತಿಂಗಳಾಯಿತು. ನಡುವೆ ಒಮ್ಮೆ ಜ್ವರ ಬಂದಾಗ ಹೊಟ್ಟೆ, ತೊಡೆಯ ಮೇಲೆ ದದ್ದು ಎದ್ದಿತು. ಸುತ್ತು ಹಾಕಿದೆ, ಬೆಳಿಗ್ಗೆ ಖಾಲಿ. ಡಾಕ್ಟರು ಹೇಳಿದ ಸಿರಪ್ ಕೊಟ್ಟೆ, ನಾಲ್ಕು ದಿನದಲ್ಲಿ ಮುಗಿಯಿತು. ಮೇಲಿನ ಮನೆಯವರು ಇದನ್ನು ಕೇಳಿ ತಮ್ಮ ಮಗನಿಗೂ ಸುತ್ತು ಹಾಕಿ, ಎಸಿ ಯೂನಿಟ್ ಬಿಚ್ಚಿಸೋಕೆ ಹೊರಟಿದ್ದರು. ನೋಟ್‌ಬುಕ್ ತೋರಿಸಿ ಅಂದೆ. ಸುತ್ತುಗಳೆಲ್ಲ ಮರುದಿನ ಖಾಲಿ. ಎಸಿ ಬಿಡಿ, ಅಲರ್ಜಿ ಡಾಕ್ಟರ ಹತ್ತಿರ ಹೋಗಿ ಅಂದೆ, ಹೋಗುವಾಗ ಜ್ವರದ ಸಿರಪ್ಪಿನ ಬಾಟಲಿಯನ್ನೂ ತಗೊಂಡು ಹೋಗಿ ಅಂತ ಹೇಳಿದೆ.