ಲೆನ್ಸ್ ಡಬ್ಬಿಗೆ ನಲ್ಲಿ ನೀರು ಸೋಕಿಸಬೇಡಿ

ಪಿಯುಸಿಗೆ ಬಂದ ಮಕ್ಕಳು ಕನ್ನಡಕ ಬೇಡ, ಕಾಂಟ್ಯಾಕ್ಟ್ ಲೆನ್ಸ್ ಬೇಕು ಅನ್ನುತ್ತಾರೆ. ಕೊಡಿಸಿ, ತಪ್ಪಿಲ್ಲ. ಆದರೆ ಹಾಸ್ಟೆಲ್ ಸಿಂಕಿನಲ್ಲಿ ಲೆನ್ಸ್ ಡಬ್ಬಿ ತೊಳೆಯುವುದನ್ನು ಕಂಡಾಗೆಲ್ಲ ನನಗೆ ಎದೆ ಧಸಕ್ಕೆನ್ನುತ್ತದೆ. ದಾವಣಗೆರೆಯಲ್ಲಿ ಬಿಟ್ಟು ಬಿಟ್ಟು ಬರುವ ನೀರನ್ನು ಸಂಪು, ಟ್ಯಾಂಕಿನಲ್ಲಿ ತುಂಬಿಡುತ್ತೇವೆ. ಮಣ್ಣಿನಲ್ಲೂ ಇಂಥ ನೀರಿನಲ್ಲೂ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಗಟ್ಟಿ ಹೊದಿಕೆ ಕಟ್ಟಿಕೊಂಡರೆ ಕ್ಲೋರಿನ್‌ಗೂ ಜಗ್ಗದು. ಲೆನ್ಸಿಗೆ ಅಂಟಿ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಇಳಿದರೆ ದೃಷ್ಟಿಗೇ ಕುತ್ತು.

ಸೋಪು ಹಚ್ಚಿ ಕೈ ತೊಳೆದು, ಪೂರ್ತಿ ಒರೆಸಿಕೊಳ್ಳಿ. ಒದ್ದೆ ಬೆರಳಿನಲ್ಲೂ ನೀರೇ ಇರುವುದು.

ಲೆನ್ಸ್ ತೆಗೆದು ಅಂಗೈಯಲ್ಲಿಟ್ಟು, ಸೊಲ್ಯೂಷನ್ (ಲೆನ್ಸ್ ತೊಳೆದು ನೆನೆಸಿಡುವ, ರೋಗಾಣು ಕೊಲ್ಲುವ ದ್ರವ) ಹಾಕಿ ಬೆರಳ ತುದಿಯಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ, ಮತ್ತೆ ಸೊಲ್ಯೂಷನ್‌ನಿಂದಲೇ ತೊಳೆಯಿರಿ. ಬಾಟಲಿ ಮೇಲೆ ‘ಉಜ್ಜಬೇಕಿಲ್ಲ’ ಎಂದು ಬರೆದಿದ್ದರೂ ಉಜ್ಜಿ. ಅಗ್ಗವೆಂದು ಬರೀ ಸಲೈನ್ (ಉಪ್ಪು ನೀರಿನ ದ್ರವ) ತರಬೇಡಿ, ಅದು ರೋಗಾಣು ಕೊಲ್ಲುವುದಿಲ್ಲ.

ಎಲ್ಲರೂ ಎಡವುವುದು ಡಬ್ಬಿಯಲ್ಲಿ. ರಾತ್ರಿಯ ಸೊಲ್ಯೂಷನ್ ಚೆಲ್ಲದೆ ಮೇಲಿಷ್ಟು ಹೊಸದು ಸುರಿಯುವುದು ಹಳಸಿದ ಸಾರಿಗೆ ಹೊಸ ಸಾರು ಬೆರೆಸಿದಂತೆ. ಬೆಳಿಗ್ಗೆ ಲೆನ್ಸ್ ಹಾಕಿಕೊಂಡ ಕೂಡಲೇ ಪೂರ್ತಿ ಚೆಲ್ಲಿ. ಹೊಸ ಸೊಲ್ಯೂಷನ್ ಹಾಕಿ, ಬೆರಳಿನಿಂದ ಗುಳಿಗಳ ಒಳಗೆಲ್ಲ ಉಜ್ಜಿ. ಮುಚ್ಚಳ ತಿರುಗಿಸುವ ಎಳೆಗಳ ಸಂದಿಯಲ್ಲಿ ಬೆರಳಿಗೆ ಲೋಳೆ ಸಿಗುತ್ತದಲ್ಲ, ಅಮೀಬಾಕ್ಕೆ ಆಹಾರವಾಗುವ ಬ್ಯಾಕ್ಟೀರಿಯಾ ಬೆಳೆಯುವುದು ಅಲ್ಲೇ. ಅದು ಹೋಗುವವರೆಗೂ ಬಿಡಬೇಡಿ. ಚೆಲ್ಲಿ, ಹೊಸ ಟಿಶ್ಯೂನಿಂದ ಒರೆಸಿ, ಡಬ್ಬಿ ಮುಚ್ಚಳ ಎರಡನ್ನೂ ಬೋರಲು ಹಾಕಿ ಒಣಗಿಸಿ. ಬಚ್ಚಲುಮನೆಯಲ್ಲಿ ಮಾತ್ರ ಇಡಬೇಡಿ. 3 ತಿಂಗಳಿಗೊಮ್ಮೆ, ಚೆನ್ನಾಗಿ ಕಂಡರೂ, ಡಬ್ಬಿ ಎಸೆಯಿರಿ.

ಇಷ್ಟೆಲ್ಲ ಆಗದು ಎನ್ನುವ ಮಕ್ಕಳಿಗೆ ದಿನಕ್ಕೊಂದು ಹಾಕಿ ಎಸೆಯುವ ಲೆನ್ಸೇ ಸರಿ. ದುಡ್ಡು ಹೆಚ್ಚಾದರೂ ನಾನು ಅದನ್ನೇ ಹೇಳುವುದು. ಬಣ್ಣದ ಲೆನ್ಸನ್ನು ಗೆಳತಿಯರು ಅದಲುಬದಲು ಮಾಡಿಕೊಳ್ಳುವುದಂತೂ ಕೂಡದು.

ಸ್ನಾನ, ಈಜು, ನಿದ್ದೆಗೆ ಮೊದಲು ಲೆನ್ಸ್ ತೆಗೆಯಿರಿ.

ಕಣ್ಣು ಕೆಂಪಾಗಿ, ಬೆಳಕು ಚುಚ್ಚಿ, ವಿಪರೀತ ನೋವು ಬಂದರೆ ಲೆನ್ಸ್ ತೆಗೆದಿಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಹನಿ ಹಾಕಿದರೆ ಕೆಂಪು ಇಳಿದಂತೆ ಕಂಡು, ಒಳಗೆ ರೋಗ ಬಲಿಯುತ್ತದೆ. ಅಮೀಬಾ ಸೋಂಕು ಹರ್ಪಿಸ್ ಎಂಬ ವೈರಸ್ ಸೋಂಕಿನಂತೆಯೇ ಕಾಣುವುದರಿಂದ ಡಾಕ್ಟರಿಗೆ ಲೆನ್ಸ್ ಹಾಕುವ ವಿಷಯ ನೀವಾಗಿಯೇ ಹೇಳಿ. ಅಮೀಬಾ ಸೋಂಕೇ ಆಗಿದ್ದರೆ ಮೊದಮೊದಲು ಡಾಕ್ಟರ್ ಕೊಟ್ಟ ಹನಿಯನ್ನು ಗಂಟೆಗೊಮ್ಮೆ ಹಾಕಬೇಕಾಗುತ್ತದೆ, ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಹಾಗಾಗಿ ನಾಳೆ ಎನ್ನದೆ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿ. ಲೆನ್ಸ್, ಡಬ್ಬಿ, ಸೊಲ್ಯೂಷನ್ ಬಾಟಲಿ ಮೂರನ್ನೂ ತೊಳೆಯದೆ, ಇದ್ದಂತೆಯೇ ಒಯ್ಯಿರಿ. ಲ್ಯಾಬಿನಲ್ಲಿ ಅವುಗಳಿಂದಲೂ ಅಕಾಂತಮೀಬಾ ಪತ್ತೆಯಾಗಬಹುದು.